ಪಡಸಾಲೆಗೆ ಬಂದ ಆನೆಕಿವಿ

ಪುಣೆಯಿಂದ ಮಚಲಿಪಟ್ಟಣಕ್ಕೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಬೀದರ್ ಜಿಲ್ಲೆಯ ನಮ್ಮೂರು ರಾಜೇಶ್ವರವನ್ನು ಮುಟ್ಟಿಕೊಂಡೇ ಹೋಗುತ್ತದೆ. ಗೋದಾವರಿ ಸೀಮೆಯ ಕಡಿಯಂ ನರ್ಸರಿಗಳಲ್ಲಿ ಬೆಳೆದ ಗಿಡಗಳು ಲಾರಿ ಹತ್ತಿ ಪಡುವಣಕ್ಕೆ ಹೊರಟಾಗ ಒಂದಿಷ್ಟು ಹುಮನಾಬಾದ್, ಬಸವಕಲ್ಯಾಣದ ಅಂಗಡಿಗಳಲ್ಲೂ ಇಳಿಯುತ್ತವೆ. ಗುಲಾಬಿ, ದಾಸವಾಳ, ಮನಿಪ್ಲಾಂಟುಗಳ ನಡುವೆ ಈಚೀಚೆಗೆ ಕಾಣಿಸತೊಡಗಿದ್ದು ಅಲೋಕೇಶಿಯಾ. ಗೇಣುದ್ದದ ಗಿಡ, ಬಾಣದ ಮೊನೆಯಂಥ ಎಲೆ, ಕಡುಹಸಿರಿನ ಮೇಲೆ ಬೆಳ್ಳಿ ಗೆರೆ. ಮಾರುವವರು ‘ಸಣ್ಣ ಆನೆಕಿವಿ’ ಎನ್ನುತ್ತಾರೆ.

ನಾನು ಅದನ್ನು ಮನೆಗೆ ತಂದಾಗ ಅವ್ವ ಒಂದೇ ಮಾತು ಅಂದಳು: “ಬಚ್ಚಲ ಕಡಿ ಹಚ್ಚೋ ಗಡ್ಡಿ ಪಡಸಾಲ್ಯಾಗ ತಂದಿಟ್ಟೀಯಲ್ಲೋ ತಮ್ಮಾ!”

ಅವ್ವನ ಕಣ್ಣು ಸುಳ್ಳು ಹೇಳುವುದಿಲ್ಲ. ನಮ್ಮ ಕಡೆ ಬಚ್ಚಲ ನೀರು ಹರಿಯುವಲ್ಲಿ ಬೆಳೆಯುವ ಕೆಸುವೂ ಈ ಷೋಕಿ ಗಿಡವೂ ಒಂದೇ ವಂಶದವು. ಆದರೆ ಒಂದರ ಬುದ್ಧಿ ಇನ್ನೊಂದಕ್ಕಿಲ್ಲ. ಕೆಸುವನ್ನು ಕೆಸರಿನಲ್ಲಿ ನಿಲ್ಲಿಸಿದರೂ ಖುಷಿಯಾಗಿರುತ್ತದೆ. ಇದನ್ನು ಹಾಗೆ ನಿಲ್ಲಿಸಿದರೆ ವಾರದಲ್ಲಿ ಗಡ್ಡೆ ಕೊಳೆತು ಹುಳಿ ವಾಸನೆ ಹೊಡೆಯುತ್ತದೆ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ‘ಪಾಲಿ’ ಎಂಬ ಗಿಡ್ಡ ತಳಿ. ಇದರ ಮೂಲ ‘ಅಮೆಜಾನಿಕಾ’. ಹೆಸರು ಕೇಳಿ ಅಮೆಜಾನ್ ಕಾಡಿನದೆಂದು ಹಲವರು ನಂಬಿದ್ದಾರೆ. 1950ರ ದಶಕದಲ್ಲಿ ಅಮೆರಿಕದ ಮಯಾಮಿಯಲ್ಲಿ ಅಮೆಜಾನ್ ನರ್ಸರಿ ನಡೆಸುತ್ತಿದ್ದ ಸಾಲ್ವಡೋರ್ ಮೌರೊ ಎಂಬಾತ ಮಾಡಿದ ಮಿಶ್ರತಳಿ ಅದು. ಅದರ ಹಿರಿಯರಲ್ಲಿ ಒಂದು ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಗಿಡ. ‘ಬ್ಲ್ಯಾಕ್ ವೆಲ್ವೆಟ್’ ಎಂಬ ಇನ್ನೊಂದಿದೆ. ಅಂಗೈಯಗಲದ ದಪ್ಪ ಎಲೆ, ಮುಟ್ಟಿದರೆ ಮಖಮಲ್ಲು. ಅದು ಬೋರ್ನಿಯೊದ ಸುಣ್ಣಕಲ್ಲಿನ ಬಂಡೆಗಳ ಸಂದಿಯಲ್ಲಿ ಬೆಳೆಯುವಂಥದ್ದು. ಎರಡೂ ವರ್ಷವಿಡೀ ಬೆಚ್ಚಗೆ, ತೇವವಾಗಿರುವ ನಾಡಿನವು. ನಮ್ಮದು ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ, ಎಳ್ಳಮಾವಾಸ್ಯೆಯ ಹೊತ್ತಿಗೆ ಹಲ್ಲು ಕಟಕಟ ಎನ್ನಿಸುವ ಊರು. ಗಿಡ ಸಾಕುವ ಬಗ್ಗೆ ಎಲ್ಲೆಲ್ಲಿಂದಲೋ ಬರುವ ಉಪದೇಶ ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ವಾರಕ್ಕೆ ಎರಡು ಸಲ ನೀರು ಎನ್ನುವ ಸೂತ್ರ ಯಾವ ಊರಿನ ಯಾವ ತಿಂಗಳದ್ದು ಎಂದು ಯಾರೂ ಹೇಳುವುದಿಲ್ಲ.

ಹೋಳಿ ಕಳೆಯುತ್ತಲೇ ಎಲೆಯ ಅಂಚು ಕಂದುತ್ತದೆ. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ನೋಡಿದವರಿಗೆಲ್ಲ ಹೊಳೆಯುವುದು ಒಂದೇ, ನೀರು ಸಾಲದು. ಒಂದು ಚರಿಗೆ ಹೆಚ್ಚು ಹಾಕುತ್ತಾರೆ. ಅಂಚು ಇನ್ನಷ್ಟು ಕಂದುತ್ತದೆ, ಮತ್ತೊಂದು ಚರಿಗೆ ಬೀಳುತ್ತದೆ. ಕೊನೆಗೆ ಬುಡ ಮೆತ್ತಗಾಗಿ ಗಿಡವೇ ವಾಲಿಕೊಳ್ಳುತ್ತದೆ. ನಮ್ಮ ಶಾಲೆಯ ಸಹೋದ್ಯೋಗಿಗಳ ಮನೆಗಳಲ್ಲಿ ಹೋದ ಗಿಡಗಳೆಲ್ಲ ಹೀಗೆ ಹೋದವು, ಬಾಯಾರಿ ಸತ್ತಿದ್ದನ್ನು ನಾನು ಕಂಡಿಲ್ಲ. ಒಣಗಿರುವುದು ಗಾಳಿ, ಮಣ್ಣಲ್ಲ. ಗಾಳಿಯ ಬಾಯಾರಿಕೆಯನ್ನು ಬೇರಿಗೆ ನೀರು ಹಾಕಿ ತೀರಿಸಲಾಗದು. ಬೇಸಿಗೆಯಲ್ಲಿ ಈ ಗಿಡ ಸಾಕುವವರಿಗೆ ಇದೊಂದು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು.

ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಅದೊಂದನ್ನು ತಂದು ಪಡಸಾಲೆಯಲ್ಲಿ ತೂಗುಹಾಕಿದ ಮೇಲೆ ನನಗೆ ಎಷ್ಟೋ ಸಂಗತಿ ತಿಳಿಯಾಯಿತು. ಅಲೋಕೇಶಿಯಾಕ್ಕೆ ಶೇಕಡ 60ರ ಆಸುಪಾಸು ತೇವ ಹಿತ. ಏಪ್ರಿಲ್ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಅದು ಇಪ್ಪತ್ತರ ಕೆಳಗೂ ಇಳಿಯುತ್ತದೆ. ಎಲೆಗೆ ನೀರು ಸಿಂಪಡಿಸಿ ನೋಡಿದರೆ ಅಂಕಿ ಏರುವುದು ಐದು ನಿಮಿಷ, ಆಮೇಲೆ ಮತ್ತೆ ಮೊದಲಿನಂತೆ. ಉಸುಕುಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಟ್ಟು ಅದರ ಮೇಲೆ ಕುಂಡ ಇಡುವ ಉಪಾಯವೂ ನಮ್ಮ ಬಿಸಿಲಿಗೆ ಲೆಕ್ಕಕ್ಕೆ ಬರುವಂಥದ್ದಲ್ಲ.

ಲೆಕ್ಕಕ್ಕೆ ಬಂದದ್ದು ಕೂಲರು. ಬೀದರ್ ಜಿಲ್ಲೆಯಲ್ಲಿ ಕೂಲರಿಲ್ಲದ ಮನೆ ಕಡಿಮೆ. ಅದು ನೀರಿನಲ್ಲಿ ತೊಯ್ದ ಹುಲ್ಲಿನ ಮೂಲಕ ಗಾಳಿ ಎಳೆದು ಕೋಣೆಗೆ ತಳ್ಳುತ್ತದೆ. ಮನುಷ್ಯರಿಗೆ ಅಂಟಂಟು ಎನಿಸುವ ಆ ಗಾಳಿ ಈ ಗಿಡಕ್ಕೆ ತವರು. ಕೂಲರ್ ನಡೆಯುವ ಕೋಣೆಯಲ್ಲಿ ಮೀಟರು ಐವತ್ತೈದು ಅರವತ್ತು ತೋರಿಸುತ್ತದೆ. ಗಾಳಿ ನೇರವಾಗಿ ಎಲೆಗೆ ಬಡಿಯದಂತೆ ಮೂಲೆಯಲ್ಲಿಟ್ಟರೆ ಸಾಕು. ಕರೆಂಟು ಹೋದರೆ ಮಾತ್ರ ಆಟ ಮುಗಿಯಿತು. ಬೇಸಿಗೆಯಲ್ಲಿ ಅದು ಹೋಗುವುದು ಹೆಚ್ಚಾಗಿ ಮಧ್ಯಾಹ್ನವೇ.

ಆದ್ದರಿಂದ ಬ್ಲ್ಯಾಕ್ ವೆಲ್ವೆಟ್‌ಗೆ ಬೇರೆ ದಾರಿ ಹುಡುಕಬೇಕಾಯಿತು. ನಮ್ಮ ಕಡೆಯ ಮನೆಗಳಲ್ಲಿ ಗೋಡೆಯೊಳಗೆ ಗಾಜಿನ ಬಾಗಿಲಿನ ಷೋಕೇಸ್ ಇದ್ದೇ ಇರುತ್ತದೆ. ಅದರಲ್ಲಿ ಯಾರೂ ಕುಡಿಯದ ಕಪ್ಪುಬಸಿ, ಮಕ್ಕಳ ಕಪ್ಪು-ಮೆಡಲು, ಮದುವೆಯಲ್ಲಿ ಬಂದ ಗಡಿಯಾರ. ಅದರ ಒಂದು ಅಂಕಣವನ್ನು ನಾನು ಖಾಲಿ ಮಾಡಿಸಿದೆ. ಕಪ್ಪುಬಸಿಗಳು ಅಟ್ಟಕ್ಕೇರಿದವು, ಅದಕ್ಕಾಗಿ ಮನೆಯಾಕೆಯಿಂದ ಕೇಳಿದ ಮಾತು ಇಲ್ಲಿ ಬೇಡ. ಮೇಲ್ಭಾಗಕ್ಕೆ ಒಂಬತ್ತು ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು, ಎಲೆಯಿಂದ ಮೊಳದೊಳಗಿನ ಅಂತರ, ಬೆಳಗಿನಿಂದ ಸಂಜೆತನಕ. ಕೆಳಗೆ ಒಂದು ಬಟ್ಟಲು ನೀರು. ಬಾಗಿಲು ಬೆರಳಗಲ ತೆರೆದಿರಬೇಕು, ಪೂರಾ ಮುಚ್ಚಿದರೆ ಮಣ್ಣಿಗೆ ಬೂಷ್ಟು ಹಿಡಿಯುತ್ತದೆ. ಹೊರಗೆ ಇಪ್ಪತ್ತಿದ್ದಾಗ ಒಳಗೆ ಎಪ್ಪತ್ತು. ನಸುಕಿನಲ್ಲಿ ನೋಡಿದರೆ ಎಲೆಯ ತುದಿಯಲ್ಲಿ ಒಂದೊಂದು ಹನಿ ತೂಗುತ್ತಿರುತ್ತದೆ. ಅದು ಮೇಲಿಂದ ಬಿದ್ದ ನೀರಲ್ಲ. ರಾತ್ರಿ ಬೇರು ಎಳೆದುಕೊಂಡದ್ದು ಹೆಚ್ಚಾದಾಗ ಗಿಡವೇ ಎಲೆಯ ಅಂಚಿನ ಸೂಕ್ಷ್ಮ ರಂಧ್ರಗಳಿಂದ ಹೊರಹಾಕುವ ನೀರು. ಹನಿ ದಿನವೂ ಕಂಡರೆ ಒಂದೆರಡು ದಿನ ನೀರು ತಡೆಯುತ್ತೇನೆ.

ನೀರಿನದೇ ಇನ್ನೊಂದು ಕಥೆ. ನಮ್ಮ ಬೋರಿನ ನೀರು ಗಡಸು. ಕೊಡದ ಒಳಮೈಗೆ ಬಿಳಿ ಪೊರೆ ಕಟ್ಟುವಂಥದ್ದು. ಅದನ್ನೇ ಹಾಕುತ್ತ ಹೋದರೆ ಕುಂಡದ ಮಣ್ಣಿನ ಮೇಲೂ ಬಿಳಿ ಉಪ್ಪು ಕಾಣುತ್ತದೆ, ಎಲೆಯ ತುದಿ ಸುಡುತ್ತದೆ. ಫಿಲ್ಟರಿನಿಂದ ಹೊರಬರುವ ‘ವೇಸ್ಟ್ ನೀರ’ನ್ನು ಗಿಡಕ್ಕೆ ಹಾಕುವ ಪದ್ಧತಿ ಎಲ್ಲ ಮನೆಗಳಲ್ಲೂ ಇದೆ. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅಂಗಳದ ಬೇವಿಗೆ ಹಾಕಿ, ಕುಂಡಕ್ಕೆ ಬೇಡ. ಕೂಲರಿನ ತಳದಲ್ಲಿ ಉಳಿದ ನೀರೂ ಹಾಗೆಯೇ, ಆರಿ ಆರಿ ಗಟ್ಟಿಯಾದ ಉಪ್ಪುನೀರು. ನಾನು ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡುತ್ತೇನೆ. ಅದು ತೀರಿದ ಮೇಲೆ ಕುಡಿಯುವ ನೀರಿನ ಕ್ಯಾನು. ಹುಮನಾಬಾದಿನ ತಂಗಿಯ ಮನೆಗೆ ಹೋದಾಗ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಾಟಲಿ ತುಂಬಿ ತಂದದ್ದೂ ಉಂಟು. ಆ ನೀರಿನಲ್ಲಿ ಉಪ್ಪಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ಮಣ್ಣಿನ ವಿಷಯ ಚಿಕ್ಕದು. ಹೊಲದ ಎರೆಮಣ್ಣು ಬೇಡವೇ ಬೇಡ. ತೊಗರಿಗೆ, ಜೋಳಕ್ಕೆ ಬಂಗಾರವಾದ ಆ ಮಣ್ಣು ತೊಯ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಬಂಡೆಯ ಸಂದಿಯಲ್ಲಿ ಬೆಳೆಯುವ ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ ಎರಡು ಪಾಲು, ಕಡಲೆಗಾತ್ರಕ್ಕೆ ಒಡೆದು ಧೂಳು ಸೋಸಿದ ಇಟ್ಟಿಗೆ ಚೂರು ಒಂದು ಪಾಲು, ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲ ಚೂರು ಒಂದು ಪಾಲು, ಎರಡು ಹಿಡಿ ಎರೆಗೊಬ್ಬರ. ಪರ್ಲೈಟು ಗಿರ್ಲೈಟು ತರಿಸುವ ಗೋಜು ನನಗಿಲ್ಲ. ಕುಂಡ ಬೇರಿಗೆ ಸರಿಹೋಗುವಷ್ಟೇ ಇರಲಿ, ನಾಲ್ಕೈದು ಇಂಚಿನದು ಸಾಕು. ಮಣ್ಣಿನ ಕುಂಡ ಚಂದ, ಆದರೆ ನಮ್ಮ ಬೇಸಿಗೆಯಲ್ಲಿ ಅದು ಎರಡೇ ದಿನಕ್ಕೆ ಒಣಗಿ ನಿಲ್ಲುತ್ತದೆ. ಪ್ಲಾಸ್ಟಿಕ್ಕೇ ವಾಸಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿದಾಗ ತಂಪು ತಾಕದಿದ್ದರೆ ಮಾತ್ರ ನೀರು, ಹಾಕಿದಾಗ ತಳದಿಂದ ಸೋರುವಷ್ಟು.

ಗೊಬ್ಬರಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಸೋಯಾ, ತೊಗರಿಗೆ ಸಿಂಪಡಿಸುವ 19:19:19 ಪುಡಿ ಪ್ರತಿ ರೈತರ ಮನೆಯಲ್ಲೂ ಇರುತ್ತದೆ. ಲೀಟರಿಗೆ ಅರ್ಧ ಗ್ರಾಮಿನಷ್ಟು ಕಲಸಿ ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಎಲೆ ಬಿಡುವ ಕಾಲದಲ್ಲಿ ಮಾತ್ರ.

ಆದರೆ ಅದೇ ರೈತರ ಮನೆಯಲ್ಲಿ ಉಳಿದ ಕೀಟನಾಶಕದ ಬಾಟಲಿ ಕಂಡರೆ ದೂರವಿರಿ. ಒಣ ಹವೆಯಲ್ಲಿ ಈ ಗಿಡಕ್ಕೆ ಬರುವ ಪೀಡೆಯೆಂದರೆ ಜೇಡನುಸಿ. ಎಲೆಯ ಮೇಲೆ ರವೆ ಚೆಲ್ಲಿದಂತೆ ಮಸುಕು ಚುಕ್ಕೆ, ತಿರುಗಿಸಿ ನೋಡಿದರೆ ನರದ ಮಗ್ಗುಲಲ್ಲಿ ಕೂದಲಿಗಿಂತ ತೆಳುವಾದ ಬಲೆ, ಅದರಲ್ಲಿ ಹರಿದಾಡುವ ಮಣ್ಣುಬಣ್ಣದ ಚುಕ್ಕಿಗಳು. ನುಸಿ ಕೀಟದ ಜಾತಿಯಲ್ಲ, ಜೇಡದ ಜಾತಿ. ಸೋಯಾದ ಹುಳುವಿಗೆ ಹೊಡೆಯುವ ಎಣ್ಣೆ ಅದಕ್ಕೆ ನಾಟುವುದೂ ಅನುಮಾನ, ಮನೆಯೊಳಗೆ ಹೊಡೆಯುವಂಥದ್ದೂ ಅಲ್ಲ. ನಾನು ಮಾಡುವುದಿಷ್ಟು: ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಮೈ ಒರೆಸುವುದು, ಆಮೇಲೆ ಲೀಟರ್ ನೀರಿಗೆ ಒಂದು ಚಮಚೆ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು ಸೇರಿಸಿ ಸಂಜೆ ಸಿಂಪಡಿಸುವುದು. ಮೊಟ್ಟೆಗಳು ಉಳಿದಿರುವುದರಿಂದ ವಾರ ವಾರ ಮೂರ್ನಾಲ್ಕು ಸಲ ಬಿಡದೆ ಮಾಡಬೇಕು. ಬೇಸಿಗೆಯಲ್ಲಿ ರವಿವಾರ ಎಲೆ ಒರೆಸುವ ಕೆಲಸವನ್ನು ಮಗಳಿಗೆ ವಹಿಸಿದ್ದೇನೆ. ಒರೆಸಿದ ಮೇಲೆ ಕೈ ತೊಳೆಯಲೇಬೇಕು. ಕೆಸುವಿನಲ್ಲಿ ಗಂಟಲು ತುರಿಸುವ ಆಕ್ಸಲೇಟಿನ ಸೂಜಿಹರಳುಗಳೇ ಇದರಲ್ಲೂ ಇವೆ. ಅಡುಗೆಯ ಕೆಸುವಿಗಾದರೆ ಹುಣಸೆ ಹಿಂಡಿ ಚೆನ್ನಾಗಿ ಕುದಿಸುತ್ತಾರೆ. ಇದನ್ನು ಕುದಿಸಿಯೂ ತಿನ್ನುವಂತಿಲ್ಲ. ಅಂಬೆಗಾಲಿಡುವ ಕೂಸು, ಎಲೆ ಕಡಿಯುವ ಬೆಕ್ಕು ಇದ್ದ ಮನೆಯಲ್ಲಿ ಕೈಗೆಟುಕದ ಎತ್ತರವೇ ಸರಿ.

ಬೆಳಕಿನ ಬಗ್ಗೆ ನಮ್ಮ ಹಳೆಯ ಮನೆಯೇ ಪಾಠ ಕಲಿಸಿತು. ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಮೊಳದಗಲದ ಕಲ್ಲುಗೋಡೆ, ಕಿಟಕಿ ಕಮ್ಮಿ, ನಡುವೆ ಬೆಳಕಿಂಡಿ. ಕಿಟಕಿಯ ಬಳಿ ಇಟ್ಟ ಗಿಡ ಬೆಳಕಿನ ಕಡೆಗೇ ಕತ್ತು ಚಾಚುತ್ತದೆ, ಆಗಾಗ ಕುಂಡ ತಿರುಗಿಸಬೇಕು. ಬೆಳಕಿಂಡಿಯ ಅಡಿಯಲ್ಲಿಟ್ಟದ್ದು ನಾಲ್ಕೂ ಕಡೆ ಸಮನಾಗಿ ಹರಡಿಕೊಂಡಿತು. ಮಧ್ಯಾಹ್ನ ಬಿಸಿಲಿನ ಕೋಲು ಬೀಳುವ ಜಾಗವನ್ನು ಬಿಟ್ಟು ಎರಡಡಿ ಆಚೆ ಇಟ್ಟರಾಯಿತು. ದಪ್ಪ ಗೋಡೆಯಿಂದಾಗಿ ಹೊರಗಿನ ಸೆಕೆ, ಚಳಿ ಎರಡೂ ಒಳಗೆ ತಡವಾಗಿ ಬರುತ್ತವೆ. ಮನೆಯ ಹಿಂದುಗಡೆ ಕಟ್ಟಿದ ಸ್ಲ್ಯಾಬಿನ ಕೋಣೆ ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೂ ಕಾದಿರುತ್ತದೆ. ಆ ಕೋಣೆಯಲ್ಲಿ ಈ ಗಿಡ ಇಡುವುದನ್ನು ಬಿಟ್ಟೇಬಿಟ್ಟೆ.

ಎಲೆ ಹಳದಿಯಾದರೆ ಗಾಬರಿ ಬೇಡ, ಮೊದಲು ಯಾವ ಎಲೆ ಎಂದು ನೋಡಿ. ಸಣ್ಣ ಅಲೋಕೇಶಿಯಾ ಒಂದು ಸಲಕ್ಕೆ ನಾಲ್ಕೈದು ಎಲೆಗಳನ್ನಷ್ಟೇ ಹೊರುತ್ತದೆ. ನಡುವಿನಿಂದ ಹೊಸದೊಂದು ಸುರುಳಿ ಬಿಚ್ಚುವಾಗ ಅಂಚಿನ ಹಳೆಯದು ತನ್ನ ಸತ್ವ ಕೊಟ್ಟು ಹಳದಿಯಾಗುವುದು ಸಹಜ. ಅದನ್ನು ಪೂರಾ ಬಾಡುವ ತನಕ ಕತ್ತರಿಸುವುದಿಲ್ಲ. ಹೊಸದೂ ಇಲ್ಲ, ಹಳೆಯವು ಸಾಲಾಗಿ ಬೀಳುತ್ತಿವೆ ಎಂದರೆ ಬುಡ ನೋಡಬೇಕು.

ಅಥವಾ ಕ್ಯಾಲೆಂಡರ್ ನೋಡಬೇಕು. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತವೆ. ಹದಿನೈದರ ಕೆಳಗೆ ಈ ಗಿಡ ಕೆಲಸ ನಿಲ್ಲಿಸುತ್ತದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೋಗುವ ಹೊತ್ತಿಗೆ ಮನೆಯಲ್ಲಿ ಎಲೆಗಳು ಒಂದೊಂದಾಗಿ ಮಲಗಿ ಕೊನೆಗೆ ಬೋಳು ಕುಂಡ ಉಳಿಯುವುದೂ ಉಂಟು. ಮೊದಲ ವರ್ಷ ಅವ್ವ “ಸತ್ತದ್ದಕ್ಕ ಯಾಕ ಜಾಗಾ ಹಿಡಸ್ತಿ, ಚೆಲ್ಲಿ ಬಾ” ಅಂದಳು. ಮಣ್ಣು ಸರಿಸಿ ಗಡ್ಡೆ ಒತ್ತಿ ನೋಡಿದರೆ ಹಸಿ ಶೇಂಗಾದಷ್ಟು ಗಟ್ಟಿ. ಮೆತ್ತಗಿದ್ದರೆ ಚೆಲ್ಲಬಹುದು, ಗಟ್ಟಿಯಿದ್ದರೆ ಅದು ಮಲಗಿದೆ ಅಷ್ಟೆ. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವುದು ಅಡುಗೆಮನೆ, ಅದರ ಮೇಲಿನ ಫಳಿಯ ಮೇಲಿಟ್ಟು ಹದಿನೈದು ದಿನಕ್ಕೊಮ್ಮೆ ನಾಲ್ಕು ಚಮಚೆ ನೀರು. ಶಿವರಾತ್ರಿಯ ಆಚೆ ಮೊನೆ ಕಾಣಿಸುತ್ತದೆ. ಇದಕ್ಕೆ ಗೊಬ್ಬರ ಹಾಕಿ ಎಬ್ಬಿಸಲು ಹೋಗಬಾರದು.

ಕುಂಡ ಬದಲಿಸಲು ಮೃಗಶಿರಾ ಮಳೆಯೇ ಸರಿಯಾದ ಹೊತ್ತು. ಗಿಡ ಕಿತ್ತಾಗ ಬೇರಿನ ನಡುವೆ ಕಂದು ಗುಂಡುಗಳು ಸಿಗುತ್ತವೆ, ಕೆಲವು ತೊಗರಿ ಕಾಳಿನಷ್ಟು, ಕೆಲವು ಅದಕ್ಕಿಂತ ದಪ್ಪ. ಇವು ಮರಿಗಡ್ಡೆಗಳು. ಮೇಲಿನ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಮೊನೆ ಮೇಲಾಗುವಂತೆ ಒದ್ದೆ ನಾರಿನ ಪುಡಿಯಲ್ಲಿ ಅರ್ಧ ಹುಗಿದು, ಮಿಠಾಯಿ ಅಂಗಡಿಯ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಕೆಲವು ಮೂರು ವಾರಕ್ಕೆ ಮೊಳೆಯುತ್ತವೆ, ಕೆಲವು ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಏಳುತ್ತವೆ. ಹೀಗೆ ಮೊಳೆತ ಮರಿಗಳು ಹುಟ್ಟಿನಿಂದಲೇ ನಮ್ಮ ಗಾಳಿ ಕಂಡವು. ನೆರಳುಬಲೆಯಡಿ ತುಂತುರಿನಲ್ಲಿ ಬೆಳೆದು ಬಂದ ತಾಯಿಗಿಡಕ್ಕಿಂತ ಇವು ಗಟ್ಟಿ ಎಂದು ನನ್ನ ಅನುಭವ.

ಕೊಳ್ಳುವುದಿದ್ದರೆ ಶ್ರಾವಣದಲ್ಲಿ ಕೊಳ್ಳಿ. ಎಲೆಯ ಹಿಂಬದಿ ನೋಡಿ, ಗಿಡವನ್ನು ಬುಡದಲ್ಲಿ ಹಿಡಿದು ಅಲುಗಿಸಿ, ಗಟ್ಟಿಯಾಗಿ ನಿಂತರೆ ದುಡ್ಡು ಕೊಡಿ. ತಂದ ದಿನವೇ ಕುಂಡ ಬದಲಿಸದೆ ಎರಡು ವಾರ ಹಾಗೆಯೇ ಬಿಡಿ. ಫೆಬ್ರುವರಿ, ಮಾರ್ಚಿನಲ್ಲಿ ಮಾರುವವರು ಅರ್ಧ ಬೆಲೆಗೆ ಕೊಡುತ್ತಾರೆ, ಅವರಿಗೂ ಗೊತ್ತು ಮುಂದೆ ಬರುವ ಬಿಸಿಲು ಎಂಥದೆಂದು. ಹೋದ ವರ್ಷ ಹಾಗೆ ಕೊಡಲು ಬಂದವನಿಗೆ “ಮಳಿ ಬಿದ್ದ ಮ್ಯಾಲ ಬಾರಪ್ಪಾ” ಅಂದೆ. “ಆಗ ರೇಟ್ ಡಬಲ್ ಆಗ್ತದ ಸರ್” ಅಂದ. ಆಗಲಿ, ಕೊಡುತ್ತೇನೆ.