ದೂರದ ತಂಡದ ಆಟ ತಪ್ಪದಿರಲು ಏಳು ಸೂತ್ರಗಳು

ಬಾಸ್ಟನ್‌ನಲ್ಲಿದ್ದಾಗ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡಕ್ಕೆ ಮನಸೋತಿರಿ. ಕೆಲಸ ಬದಲಾಯಿತು, ಸಂಸಾರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂತು. ಇಲ್ಲಿ ಟಿವಿ ಹಾಕಿದರೆ ಸ್ಥಳೀಯ ತಂಡ ಜೈಂಟ್ಸ್ ಆಟ! ಅಮೆರಿಕದಲ್ಲಿ ಆಟದ ಪ್ರಸಾರ ಹಂಚಿಕೆಯಾಗಿರುವುದೇ ಪ್ರದೇಶವಾರು. ಬಿಟ್ಟುಬಂದ ಊರಿನ ತಂಡವನ್ನು ನೋಡಲು ಬೇರೆ ಚಂದಾ ಬೇಕು. ಅದರಲ್ಲಿ ಏನು ಸಿಗುತ್ತದೆ ಎನ್ನುವುದಕ್ಕಿಂತ ಏನು ಸಿಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ.

1. ಆಟಕ್ಕೆ ತಕ್ಕ ಚಂದಾ ಆರಿಸಿ. ಬೇಸ್‌ಬಾಲ್‌ಗೆ ಎಂಎಲ್‌ಬಿ.ಟಿವಿ, ಬ್ಯಾಸ್ಕೆಟ್‌ಬಾಲ್‌ಗೆ ಎನ್‌ಬಿಎ ಲೀಗ್ ಪಾಸ್, ಅಮೆರಿಕನ್ ಫುಟ್‌ಬಾಲ್‌ಗೆ ಎನ್‌ಎಫ್‌ಎಲ್ ಸಂಡೇ ಟಿಕೆಟ್. 1994ರಲ್ಲಿ ಶುರುವಾದ ಸಂಡೇ ಟಿಕೆಟ್‌ಗೆ ಬಹುಕಾಲ ಮನೆ ಮೇಲೆ ಡೈರೆಕ್ಟ್‌ಟಿವಿ ಡಿಶ್ ಬೇಕಿತ್ತು. 2023ರಿಂದ ಅದು ಯೂಟ್ಯೂಬ್‌ನಲ್ಲಿದೆ.

2. ಮೊದಲು ಜಿಪ್ ಕೋಡ್, ಆಮೇಲೆ ಕಾರ್ಡ್. ಜಿಪ್ ಕೋಡ್ ಎಂಬ ಅಂಚೆ ಸಂಖ್ಯೆಯ ಪ್ರಕಾರ ನಿಮ್ಮ ಪ್ರದೇಶಕ್ಕೆ ಸೇರಿದ ತಂಡದ ಆಟ ಈ ಚಂದಾದಲ್ಲಿ ನೇರವಾಗಿ ಬರುವುದಿಲ್ಲ. ಇದೇ ಬ್ಲ್ಯಾಕೌಟ್. ಅಯೋವಾ ರಾಜ್ಯವನ್ನೇ ನೋಡಿ: ಅಲ್ಲಿ ಒಂದೂ ಮೇಜರ್ ಲೀಗ್ ಬೇಸ್‌ಬಾಲ್ ತಂಡವಿಲ್ಲ. ಆದರೂ ಕಬ್ಸ್, ವೈಟ್ ಸಾಕ್ಸ್, ಕಾರ್ಡಿನಲ್ಸ್, ರಾಯಲ್ಸ್, ಟ್ವಿನ್ಸ್, ಬ್ರೂವರ್ಸ್ – ಆರೂ ತಂಡಗಳು ಅದನ್ನು ತಮ್ಮ ಸೀಮೆ ಎನ್ನುತ್ತವೆ. ಶಿಕಾಗೋದಿಂದ ಐದು ಗಂಟೆ ಕಾರು ಓಡಿಸಿ ಅಯೋವಾದ ಡೆಸ್ ಮೊಯಿನ್‌ಗೆ ಮನೆ ಬದಲಿಸಿದರೂ ಕಬ್ಸ್ ಅಭಿಮಾನಿ ಬ್ಲ್ಯಾಕೌಟ್ ಬೇಲಿಯ ಒಳಗೇ ಉಳಿಯುತ್ತಾನೆ!

3. ಎದುರಾಳಿ ಯಾರೆಂದೂ ನೋಡಿ. ಬೇಲಿ ಎರಡೂ ತಂಡಗಳಿಗೆ ಅನ್ವಯ. ರೆಡ್ ಸಾಕ್ಸ್ ಆಡುತ್ತಿರುವುದು ಜೈಂಟ್ಸ್ ವಿರುದ್ಧವಾದರೆ ಸ್ಯಾನ್ ಹೋಸೆಯಲ್ಲಿ ಆ ಆಟವೂ ಬಂದ್. ಅಂದು ಸ್ಥಳೀಯ ಚಾನೆಲ್ಲೇ ಗತಿ.

4. ಹೆಸರನ್ನು ಅಕ್ಷರಶಃ ಓದಿ. ಸಂಡೇ ಟಿಕೆಟ್ ಎಂದರೆ ಭಾನುವಾರ ಮಧ್ಯಾಹ್ನದ ಹೊರ ಪ್ರದೇಶದ ಆಟಗಳು, ಅಷ್ಟೇ. ಭಾನುವಾರ ರಾತ್ರಿ, ಸೋಮವಾರ, ಗುರುವಾರದ ಆಟಗಳಿಗೆ ಬೇರೆ ಚಾನೆಲ್ ಬೇಕು. ಲೀಗ್ ಪಾಸ್‌ನಲ್ಲೂ ಇಡೀ ದೇಶಕ್ಕೆ ಪ್ರಸಾರವಾಗುವ ಆಟ ನೇರವಾಗಿ ಸಿಗದು.

5. ಒಂದೇ ತಂಡ ಸಾಕೇ ಎಂದು ಕೇಳಿಕೊಳ್ಳಿ. ಬೇಸ್‌ಬಾಲ್ ತಂಡಕ್ಕೆ ಋತುವಿಗೆ 162 ಆಟ, ಎನ್‌ಬಿಎ ತಂಡಕ್ಕೆ 82. ಅಷ್ಟನ್ನೇ ಪೂರ್ತಿ ನೋಡಲು ಪುರಸೊತ್ತು ಎಲ್ಲಿದೆ? ಒಂದೇ ತಂಡದ ಅಗ್ಗದ ಚಂದಾ ಸಿಕ್ಕರೆ ಅದನ್ನೇ ಹಿಡಿಯಿರಿ.

6. ಗಡಿಯಾರ ಹೊಂದಿಸಿಕೊಳ್ಳಿ. ಬಾಸ್ಟನ್‌ನಲ್ಲಿ ಸಂಜೆ 7ಕ್ಕೆ ಆಟವೆಂದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 4 ಗಂಟೆ, ನೀವು ಆಫೀಸಿನಲ್ಲಿ. ಸ್ಕೋರ್ ತಿಳಿಸುವ ನೋಟಿಫಿಕೇಶನ್ ಆಫ್ ಮಾಡಿ, ಗೆಳೆಯರ ವಾಟ್ಸ್ಯಾಪ್ ಗುಂಪನ್ನು ಮ್ಯೂಟ್‌ಗೆ ಹಾಕಿ. ಮನೆಗೆ ಬಂದು ಮಗಳ ಜೊತೆ ಕೂತು ಮೊದಲ ಇನ್ನಿಂಗ್‌ನಿಂದ ನೋಡಿ.

7. ನವೀಕರಣದ ತಾರೀಖು ಬರೆದಿಡಿ. ಹಲವು ಚಂದಾಗಳು ಮುಂದಿನ ವರ್ಷ ತಾವಾಗಿಯೇ ಹಣ ಕಡಿತ ಮಾಡಿಕೊಳ್ಳುತ್ತವೆ. ಅದಕ್ಕೆ ಒಂದು ವಾರ ಮುಂಚೆ ಫೋನಿನಲ್ಲಿ ಅಲಾರಂ ಇರಲಿ.

ಈಗಲೇ ತಂಡದ ವೇಳಾಪಟ್ಟಿ ತೆಗೆಯಿರಿ. ಬ್ಲ್ಯಾಕೌಟ್ ಆಗುವ ಆಟಗಳನ್ನು ಹೊಡೆದುಹಾಕಿ, ಬೇರೆ ಚಾನೆಲ್‌ಗೆ ಹೋದವನ್ನೂ ಹೊಡೆದುಹಾಕಿ. ಉಳಿದವುಗಳಲ್ಲಿ ನಿಜಕ್ಕೂ ನೋಡುವ ಆಟಗಳಿಗೆ ಟಿಕ್ ಹಾಕಿ, ಚಂದಾ ಹಣವನ್ನು ಆ ಸಂಖ್ಯೆಯಿಂದ ಭಾಗಿಸಿ. ಒಂದು ಆಟಕ್ಕೆ ಬೀಳುವ ಆ ಬೆಲೆ ಮನಸ್ಸಿಗೆ ಒಪ್ಪಿದರೆ ಧೈರ್ಯವಾಗಿ ಹಣ ಕಟ್ಟಿ.