ಉಬ್ಬುಹಲಗೆಯ ಬಾಗಿಲಿಗೆ ರೌಟರ್ ಬಿಟ್: ಆಯ್ಕೆಯೂ ಸುರಕ್ಷಿತ ಬಳಕೆಯೂ

ನಾಲ್ಕು ಪಟ್ಟಿಗಳ ಚೌಕಟ್ಟಿನ ನಡುವೆ, ಅಂಚುಗಳಲ್ಲಿ ಇಳಿಜಾರಾಗಿ ತೆಳುವಾಗುತ್ತ ಹೋಗಿ, ಮಧ್ಯದಲ್ಲಿ ಉಬ್ಬಿ ನಿಂತ ಹಲಗೆಯುಳ್ಳ ಬಾಗಿಲು, ಮನೆಯ ಮುಂಬಾಗಿಲಿಗಾಗಲಿ ಅಡುಗೆಮನೆಯ ಕಪಾಟಿಗಾಗಲಿ, ಘನತೆಯನ್ನು ತಂದುಕೊಡುವ ರಚನೆಯಾಗಿದೆ. ಹಿಂದೆ ಬಡಗಿಯು ಉಳಿ, ಹತ್ತರಿಗಳನ್ನು ಹಿಡಿದು ಬಹು ಶ್ರಮದಿಂದ ತೆಗೆಯುತ್ತಿದ್ದ ಆ ಇಳಿಜಾರನ್ನು ಇಂದು ರೌಟರ್ ಯಂತ್ರವು ಅಲ್ಪಕಾಲದಲ್ಲಿ ತೆಗೆದುಕೊಡುತ್ತದೆ. ಆದರೆ ಈ ಕಾರ್ಯಕ್ಕೆ ಬೇಕಾಗುವ ಬಿಟ್, ರೌಟರಿಗೆ ಹಾಕುವ ಬಿಟ್‌ಗಳಲ್ಲೆಲ್ಲ ಅತ್ಯಂತ ದೊಡ್ಡವುಗಳ ಸಾಲಿಗೆ ಸೇರಿದುದಾದ ಕಾರಣ, ಅದರ ಸ್ವಭಾವವನ್ನು ಅರಿಯದೆ ಕೈಹಾಕುವುದು ವಿವೇಕವಲ್ಲ. ಸಂತೋಷದ ಸಂಗತಿಯೆಂದರೆ, ಕೈಬೆರಳುಗಳ ರಕ್ಷಣೆಗೆ ಯಾವ ನಿಯಮಗಳು ಅವಶ್ಯವೋ ಅವೇ ನಿಯಮಗಳು ಬಾಗಿಲಿನ ಸೌಂದರ್ಯಕ್ಕೂ ಅವಶ್ಯವಾಗಿವೆ. ಒಂದನ್ನು ಪಾಲಿಸಿದವನಿಗೆ ಇನ್ನೊಂದು ತಾನಾಗಿಯೇ ಲಭಿಸುತ್ತದೆ.

1. ಬಿಟ್‌ಗಳ ಪ್ರಭೇದ

ಇಂತಹ ಬಾಗಿಲಿಗೆ ಎರಡು ಬಗೆಯ ಬಿಟ್‌ಗಳು ಬೇಕು. ಮೊದಲನೆಯದು ಚೌಕಟ್ಟಿನ ಜೋಡಿ. ಅದರಲ್ಲಿ ಒಂದು ಬಿಟ್ ಪಟ್ಟಿಗಳ ಒಳ ಅಂಚಿನಲ್ಲಿ ಅಲಂಕಾರದ ತಿರುವನ್ನೂ ಹಲಗೆ ಕೂರುವ ತೋಡನ್ನೂ ಒಮ್ಮೆಗೇ ಕೊರೆಯುತ್ತದೆ. ಇನ್ನೊಂದು, ಅಡ್ಡಪಟ್ಟಿಗಳ ತುದಿಯನ್ನು ಆ ತಿರುವಿಗೆ ಸರಿಯಾಗಿ ಕೂಡಿಕೊಳ್ಳುವಂತೆ ಅದರ ಪ್ರತಿರೂಪವಾಗಿ ಕತ್ತರಿಸುತ್ತದೆ. ಇವೆರಡೂ ಪರಸ್ಪರ ಪೂರಕವಾದುದರಿಂದ ಒಂದೇ ಜೋಡಿಯಾಗಿ ಕೊಳ್ಳತಕ್ಕದ್ದು.

ಎರಡನೆಯದು ಹಲಗೆಯ ಅಂಚನ್ನು ಇಳಿಜಾರುಗೊಳಿಸುವ ಬಿಟ್. ಇದರಲ್ಲಿ ಮೂರು ಪ್ರಭೇದಗಳುಂಟು. ಅಡ್ಡಬಿಟ್ ಸುಮಾರು 80ರಿಂದ 90 ಮಿ.ಮೀ. ವ್ಯಾಸವುಳ್ಳದ್ದು, ಹಲಗೆಯನ್ನು ರೌಟರ್ ಬಿಗಿದ ಮೇಜಿನ ಮೇಲೆ ಮಲಗಿಸಿ ಕೆಲಸ ಮಾಡಬಹುದಾದ್ದರಿಂದ ಹಿಡಿತ ಭದ್ರವಾಗಿರುತ್ತದೆ, ಕಮಾನಿನ ತಲೆಯುಳ್ಳ ಹಲಗೆಗೂ ಇದು ಒದಗುತ್ತದೆ. ಲಂಬಬಿಟ್ ಇದಕ್ಕಿಂತ ಬಹಳ ಸಣ್ಣದು, ಸುಮಾರು 25ರಿಂದ 40 ಮಿ.ಮೀ.; ಹಲಗೆಯನ್ನು ಮೇಜಿನ ಮೇಲಿನ ಫೆನ್ಸ್ ಎಂಬ ಎತ್ತರವಾದ ಆಸರೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು, ಕಮಾನಿನ ಅಂಚಿಗೆ ಇದು ಒದಗದು. ಮೂರನೆಯದು ಅಡ್ಡಬಿಟ್ಟಿನದೇ ರೂಪಾಂತರ: ಮೇಲೊಂದು ಹೆಚ್ಚಿನ ಅಲಗನ್ನು ಪಡೆದು ಹಲಗೆಯ ಹಿಂಬದಿಯನ್ನೂ ಜೊತೆಯಲ್ಲೇ ಕೊರೆದು, ದಪ್ಪ ಹಲಗೆಯೂ ಚೌಕಟ್ಟಿನ ಮಟ್ಟಕ್ಕೆ ಸಮನಾಗಿ ಕೂರುವಂತೆ ಮಾಡುತ್ತದೆ.

2. ಯಂತ್ರಕ್ಕೆ ತಕ್ಕ ಬಿಟ್

ಅಡ್ಡಬಿಟ್ಟನ್ನು ಎಂದಿಗೂ ಕೈಯಲ್ಲಿ ಹಿಡಿದ ರೌಟರಿಗೆ ಹಾಕಕೂಡದು. ಮೇಜಿಗೆ ಬಿಗಿದ, ವೇಗವನ್ನು ತಗ್ಗಿಸಬಲ್ಲ, ಕನಿಷ್ಠ 2 ಅಶ್ವಶಕ್ತಿಯ, ಸಾಧ್ಯವಾದರೆ 3 ಅಶ್ವಶಕ್ತಿಯ ಯಂತ್ರವೇ ಇದಕ್ಕೆ ಯೋಗ್ಯ. ವೇಗವನ್ನು ಬದಲಿಸಲಾಗದ ಯಂತ್ರ ಮಾತ್ರ ಇದ್ದವರು ಲಂಬಬಿಟ್ಟನ್ನೇ ಆರಿಸಿಕೊಳ್ಳುವುದು ಲೇಸು. ಬಿಟ್ಟಿನ ದಂಡವು ಅರ್ಧ ಅಂಗುಲದ್ದಾಗಿರಬೇಕು. ಕಾಲು ಅಂಗುಲದ ದಂಡ ಇಷ್ಟು ಭಾರವನ್ನು ತಾಳಲಾರದು. ಅರ್ಧ ಅಂಗುಲವೆಂದರೆ 12.7 ಮಿ.ಮೀ.; ಅಂಗಡಿಗಳಲ್ಲಿ 12 ಮಿ.ಮೀ. ದಂಡದ ಬಿಟ್‌ಗಳೂ ದೊರೆಯುವುದರಿಂದ, ದಂಡವನ್ನು ಹಿಡಿಯುವ ಕಾಲೆಟ್ಟಿನ ಅಳತೆಯೂ ದಂಡದ ಅಳತೆಯೂ ಒಂದೇ ಎಂಬುದನ್ನು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಸಡಿಲವಾದ ಕಾಲೆಟ್ಟನ್ನು ಬಲವಂತದಿಂದ ಬಿಗಿದು ತೃಪ್ತಿಪಟ್ಟುಕೊಂಡರೆ, ತಿರುಗುವ ಬಿಟ್ ಜಾರಿ ಹೊರಬರುವ ಸಂಭವವುಂಟು.

3. ವೇಗದ ಲೆಕ್ಕ

ಅಲಗಿನ ತುದಿಯ ವೇಗ ಬಿಟ್ಟಿನ ವ್ಯಾಸಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 22,000 ಸುತ್ತಿನಲ್ಲಿ 12 ಮಿ.ಮೀ. ಬಿಟ್ಟಿನ ಅಂಚು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗಿದರೆ, ಅದೇ ಸುತ್ತಿನಲ್ಲಿ 89 ಮಿ.ಮೀ. ಬಿಟ್ಟಿನ ಅಂಚು 100 ಮೀಟರನ್ನು ಮೀರುತ್ತದೆ, ಎಂದರೆ ಗಂಟೆಗೆ ಸುಮಾರು 370 ಕಿ.ಮೀ. ಆ ವೇಗದಲ್ಲಿ ಬಿಟ್ ಕಂಪಿಸುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ, ದಂಡ ಬಾಗುವ ಭಯವೂ ಇರುತ್ತದೆ. ಆದಕಾರಣ ದೊಡ್ಡ ಅಡ್ಡಬಿಟ್ಟನ್ನು 10,000ದಿಂದ 12,000 ಸುತ್ತಿನೊಳಗೆ ಓಡಿಸತಕ್ಕದ್ದು. ತಯಾರಕರು ಬಿಟ್ಟಿನ ಮೇಲೆ ನಮೂದಿಸಿದ ಗರಿಷ್ಠ ವೇಗವನ್ನು ಯಾವ ಸಂದರ್ಭದಲ್ಲಿಯೂ ಮೀರಕೂಡದು.

4. ಬಿಟ್ಟನ್ನು ಕೂರಿಸುವ ಕ್ರಮ

ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡಬೇಕು. ಗುಂಡಿಯನ್ನು ಆರಿಸಿದರೆ ಸಾಲದು. ಕಾಲೆಟ್ಟಿನ ಧೂಳನ್ನು ಒರೆಸಿ, ದಂಡವನ್ನು ಪೂರ್ಣ ಒಳಕ್ಕೆ ಇಳಿಸಿ, ಅನಂತರ 2-3 ಮಿ.ಮೀ. ಹಿಂದಕ್ಕೆಳೆದು ಬಿಗಿಯಬೇಕು. ತಳಕ್ಕೆ ತಾಗಿಸಿ ಬಿಗಿದ ದಂಡ ಗಟ್ಟಿಯಾಗಿ ಹಿಡಿದುಕೊಂಡಂತೆ ತೋರಿದರೂ ಕ್ರಮೇಣ ಸಡಿಲಗೊಳ್ಳುವುದುಂಟು. ಬಳಿಕ ಬಿಟ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮೇಜಿಗಾಗಲಿ ಫೆನ್ಸಿಗಾಗಲಿ ಎಲ್ಲಿಯೂ ತಾಗದೆಂಬುದನ್ನು ನೋಡಿಕೊಳ್ಳಬೇಕು.

5. ಹಲಗೆಯ ಅಳತೆ

ಮರವು ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಸ್ಥಿರ. ಅಡ್ಡಕ್ಕೆ ಮಾತ್ರ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಸ್ಥಿರತೆಗೆ ಹೆಸರಾದ ತೇಗದಲ್ಲಿಯೂ 300 ಮಿ.ಮೀ. ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು 2 ಮಿ.ಮೀ. ವ್ಯತ್ಯಾಸವನ್ನು ತೋರಬಹುದು. ಚೌಕಟ್ಟಿನ ಒಳಅಗಲ 300 ಮಿ.ಮೀ., ತೋಡಿನ ಆಳ ಎರಡೂ ಕಡೆ 10 ಮಿ.ಮೀ. ಆಗಿದ್ದರೆ, ತೋಡಿನ ತಳದಿಂದ ತಳಕ್ಕೆ 320 ಮಿ.ಮೀ. ಆಗುವುದಷ್ಟೆ, ಹಲಗೆಯನ್ನು 316 ಅಥವಾ 317 ಮಿ.ಮೀ. ಅಗಲಕ್ಕೆ ಕತ್ತರಿಸುವುದು ಯುಕ್ತ. ಕರಾವಳಿಯ ಜಡಿಮಳೆಯಲ್ಲಿ ಮಾಡುವ ಹಲಗೆ ಆಗಲೇ ಹಿಗ್ಗಿರುವುದರಿಂದ ಅಂತರ ಕಡಿಮೆ ಸಾಕು. ರಾಯಚೂರು, ಕಲಬುರಗಿಗಳ ಬಿರುಬೇಸಿಗೆಯಲ್ಲಿ ಮಾಡುವವರು ಹೆಚ್ಚಿನ ಅಂತರವನ್ನು ಬಿಡುವುದು ಒಳಿತು.

6. ಕೊರೆಯುವ ಕ್ರಮ

ಮೊದಲು ಅದೇ ದಪ್ಪದ ಅಗ್ಗದ ಮರದ ತುಂಡೊಂದರ ಮೇಲೆ ಪ್ರಯೋಗ ಮಾಡಿ, ಅಂಚಿನ ನಾಲಗೆ ಚೌಕಟ್ಟಿನ ತೋಡಿನಲ್ಲಿ ಸಲೀಸಾಗಿ ಜಾರುವಂತೆ ಎತ್ತರವನ್ನು ಗುರುತಿಸಿಕೊಳ್ಳಬೇಕು. ಅಡ್ಡಬಿಟ್ಟಿನಲ್ಲಿ ಹಲಗೆಯ ಮುಖವನ್ನು ಕೆಳಗೆ ಮಾಡಿ ಮಲಗಿಸಿ, ಫೆನ್ಸಿನ ಮುಖವನ್ನು ಬಿಟ್ಟಿನಲ್ಲಿರುವ ಬೇರಿಂಗಿನ ಅಂಚಿಗೆ ಸಮನಾಗಿ ನಿಲ್ಲಿಸಬೇಕು.

ಎಲ್ಲವನ್ನೂ ಒಂದೇ ಸಲಕ್ಕೆ ಕೊರೆಯುವ ಆತುರವೇ ಈ ಕೆಲಸದ ಪರಮಶತ್ರು. ಬಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತ ಮೂರು ನಾಲ್ಕು ಸಲ ಸಾಗಿಸಿ, ಕಡೆಯ ಸಲ 1 ಮಿ.ಮೀ.ಗಿಂತ ಕಡಿಮೆ ಮರವನ್ನು ತೆಗೆದರೆ, ಮೈ ಉಜ್ಜುಕಾಗದದ ಹೆಚ್ಚಿನ ಅಗತ್ಯವಿಲ್ಲದಷ್ಟು ನುಣುಪಾಗುತ್ತದೆ. ಹಿಂಬದಿಯ ಅಲಗುಳ್ಳ ಬಿಟ್ಟಿನಲ್ಲಿ ಎತ್ತರವನ್ನು ಹೀಗೆ ಬದಲಿಸಲು ಬಾರದು. ಅಲ್ಲಿ ಫೆನ್ಸನ್ನೇ ಮುಂದಿಟ್ಟು ಆರಂಭಿಸಿ, ಪ್ರತಿ ಸಲವೂ ಹಿಂದಕ್ಕೆ ಸರಿಸುತ್ತ ಹೋಗಬೇಕು.

ಎಳೆಗೆ ಅಡ್ಡವಾದ ಎರಡು ತುದಿಗಳನ್ನು ಮೊದಲು ಕೊರೆದು, ಉದ್ದದ ಅಂಚುಗಳನ್ನು ಅನಂತರ ಕೊರೆಯಬೇಕು. ಅಡ್ಡ ಕೊರೆಯುವಾಗ ಮೂಲೆಯಲ್ಲಿ ಸಿಬಿರು ಎದ್ದರೂ ಮುಂದಿನ ಕೊರೆತ ಅದನ್ನು ಅಳಿಸಿಬಿಡುತ್ತದೆ. ಮೇಜಿನ ಮೇಲೆ ಮರವನ್ನು ಸದಾ ಬಲಗಡೆಯಿಂದ ಎಡಗಡೆಗೆ, ಬಿಟ್ಟಿನ ತಿರುಗುವಿಕೆಗೆ ಎದುರಾಗಿ ಸಾಗಿಸತಕ್ಕದ್ದು. ವಿರುದ್ಧ ದಿಕ್ಕಿನಲ್ಲಿ ಸಾಗಿಸಿದರೆ ಬಿಟ್ ಮರವನ್ನು ಕಸಿದುಕೊಂಡು ಎಸೆಯುತ್ತದೆ, ಅದರೊಡನೆ ಕೈಯನ್ನೂ ಎಳೆದುಕೊಳ್ಳುತ್ತದೆ. ಫೆನ್ಸಿಗೂ ಬಿಟ್ಟಿಗೂ ನಡುವೆ ಮರವನ್ನು ಸಿಕ್ಕಿಸಿ ಸಾಗಿಸುವುದು ಇಷ್ಟೇ ಘೋರವಾದ ತಪ್ಪು. ಕಮಾನಿನ ಅಂಚಿಗೆ ಫೆನ್ಸು ಒದಗದಿರುವುದರಿಂದ, ಮೇಜಿನಲ್ಲಿ ಆರಂಭದ ಗೂಟವನ್ನು ನಾಟಿ, ಹಲಗೆಯನ್ನು ಮೊದಲು ಅದಕ್ಕೆ ಆನಿಸಿ, ನಿಧಾನವಾಗಿ ಬೇರಿಂಗಿನ ಕಡೆಗೆ ತಿರುಗಿಸಬೇಕು.

7. ಮೈಮೇಲಿನ ಎಚ್ಚರ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಮುಸುಕು ಇವು ಮೂರೂ ಅನಿವಾರ್ಯ. ತೇಗದ ಧೂಳು ಹಲವರಿಗೆ ಚರ್ಮದ ತುರಿಕೆಯನ್ನೂ ಶ್ವಾಸದ ತೊಂದರೆಯನ್ನೂ ತರುತ್ತದೆ. ಕೈಗವಸು, ಸಡಿಲವಾದ ತೋಳು, ಹೆಗಲ ಮೇಲಿನ ಟವೆಲ್ಲು ಇವು ಕೂಡದು. ಸಣ್ಣ ಹಲಗೆಯನ್ನು ಬೆರಳಿನಿಂದ ನೂಕದೆ ಹಿಡಿಕೆಯುಳ್ಳ ಮರದ ತುಂಡಿನಿಂದ ನೂಕಬೇಕು. ನಡುವೆ ವಿದ್ಯುತ್ತು ಹೋದರೆ ಆ ಕ್ಷಣವೇ ಗುಂಡಿಯನ್ನು ಆರಿಸಿಬಿಡಬೇಕು. ಮರೆತರೆ, ವಿದ್ಯುತ್ತು ಮರಳಿದಾಗ ಯಂತ್ರವು ಮುನ್ಸೂಚನೆಯಿಲ್ಲದೆ ತಿರುಗತೊಡಗುತ್ತದೆ.

8. ಆರೈಕೆಯೂ ಜೋಡಣೆಯೂ

ಅಲಗಿಗೆ ಅಂಟಿದ ಮರದ ರಾಳವನ್ನು ಆಗಿಂದಾಗ್ಗೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಬೇಕು. ಬೇರಿಂಗನ್ನು ಮಾತ್ರ ಎಣ್ಣೆಯಲ್ಲಿ ಅದ್ದಬಾರದು, ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಮೊಂಡಾದ ದೊಡ್ಡ ಬಿಟ್ಟನ್ನು ಮನೆಯಲ್ಲಿ ಮಸೆದರೆ ಅದರ ಸಮತೋಲ ಕೆಡುವ ಸಂಭವವಿರುವುದರಿಂದ, ಆ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದು ಮೇಲು.

ಹಲಗೆಗೆ ಪಾಲಿಶ್ ಅಥವಾ ಬಣ್ಣವನ್ನು ಜೋಡಣೆಗೆ ಮುಂಚೆಯೇ ಹಚ್ಚಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಕಾಣಿಸಿಕೊಳ್ಳುತ್ತದೆ. ಅಂಟನ್ನು ಚೌಕಟ್ಟಿನ ಕೂಡುಗಳಿಗೆ ಮಾತ್ರ ಹಾಕಿ, ಹಲಗೆಯನ್ನು ತೋಡಿನೊಳಗೆ ಸ್ವತಂತ್ರವಾಗಿ ಬಿಡತಕ್ಕದ್ದು. ಅಂಟಿಸಿದ ಹಲಗೆ ಸೀಳುತ್ತದೆ, ಇಲ್ಲವೆ ಚೌಕಟ್ಟೇ ಬಿರಿಯುವಂತೆ ಮಾಡುತ್ತದೆ. ಸರಿಯಾಗಿ ಹೊಂದಿದ ಪ್ರಯೋಗದ ತುಂಡನ್ನು ಎಸೆಯದೆ, ಬಿಟ್ಟಿನ ಹೆಸರನ್ನು ಅದರ ಮೇಲೆ ಬರೆದು ಕಾದಿರಿಸಿದರೆ, ಮುಂದಿನ ಬಾಗಿಲಿಗೆ ಎತ್ತರವನ್ನು ಹೊಂದಿಸುವ ಶ್ರಮ ಬಹುಪಾಲು ಉಳಿಯುತ್ತದೆ.