ಪಿಯಾನೋ ದುರಸ್ತಿಯೂ ಗಾಳಿಯ ತೇವವೂ

ಕರಾವಳಿಯಲ್ಲಿ ಜುಲೈ ಮಳೆಯೊಳಗೆ ದುರಸ್ತಿಯಾಗಿ ಬಂದ ನಮ್ಮ ಶಾಲೆಯ ಪಿಯಾನೋ, ಈ ಬಯಲುಸೀಮೆಯ ಏಪ್ರಿಲಿನಲ್ಲಿ ಸೀಳಿದುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಕಾರಣವನ್ನು ನಾವು ತಡವಾಗಿ ತಿಳಿದೆವು.

ತಂತಿಗಳ ಹಿಂದಿರುವ ನಾದದ ಹಲಗೆಯು ಸ್ಪ್ರೂಸ್ ಮರದ್ದು. ದಪ್ಪವು ಸುಮಾರು 8 ಮಿಲಿಮೀಟರು ಮಾತ್ರ. ತೇವವನ್ನು ಹೀರಿದರೆ ಅದು ಎಳೆಗಳಿಗೆ ಅಡ್ಡಲಾಗಿ ಉಬ್ಬುವುದು, ತಂತಿಗಳು ಬಿಗಿದು ಸ್ವರವೇರುವುದು, ಒಣಗಿದರೆ ಸ್ವರವಿಳಿಯುವುದು. ಆದಕಾರಣ ಬಲ್ಲವರು ಹಲಗೆಯನ್ನು ಚೆನ್ನಾಗಿ ಒಣಗಿಸಿಯೇ ಹಿಂಬದಿಯ ಅಡ್ಡಪಟ್ಟಿಗಳನ್ನು ಅಂಟಿಸುವರು. ಉಬ್ಬಿದ ಹಲಗೆಗೆ ಅಂಟಿಸಿದರೆ, ಬೇಸಗೆಯಲ್ಲಿ ಪಟ್ಟಿಗಳು ಅದನ್ನು ಕುಗ್ಗಗೊಡವು, ಹಲಗೆಯು ಸೀಳುವುದು.

ದುರಸ್ತಿಯ ಕೋಣೆಯಲ್ಲಿ ಸಾಪೇಕ್ಷ ತೇವವು ಶೇಕಡಾ 40ರಿಂದ 50ರೊಳಗೆ, ಶಾಖವು 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಹಗಲಿರುಳೂ ಸ್ಥಿರವಾಗಿರುವುದು ಲೇಸು. ಶಾಖಕ್ಕಿಂತ ತೇವದ ಏರಿಳಿತವೇ ಮರಕ್ಕೆ ಹೆಚ್ಚು ಕೇಡು. ಮಳೆಗಾಲದಲ್ಲಿ ಕಿಟಕಿಗಳನ್ನು ಮುಚ್ಚಿದರೆ ಸಾಲದು, ತೇವಹೀರುವ ಯಂತ್ರವೂ ಬೇಕು.

ಈ ಸಲ ನಾವು ಗೋಡೆಯ ತೇವಮಾಪಕವನ್ನು ಕಣ್ಣಾರೆ ಕಂಡ ಮೇಲೆಯೇ ವಾದ್ಯವನ್ನು ಒಪ್ಪಿಸಿದೆವು.